ಹದ್ದುಬಸ್ತು ಮಾಡಿಸದ ಪಾಲು

ಪ್ರಾಂಶುಪಾಲರೇ, ಊರಿನ ಹಿರಿಯರೇ, ಹಿಂದಿನ ಬೆಂಚಿನಲ್ಲಿ ಕೂತು ಬಸ್ಸಿನ ಹೊತ್ತು ಲೆಕ್ಕ ಹಾಕುತ್ತಿರುವ ವಿದ್ಯಾರ್ಥಿ ಮಿತ್ರರೇ,

ಮೊದಲಿಗೇ ಒಂದು ತಕರಾರು. ನನ್ನ ಬೆನ್ನ ಹಿಂದಿನ ಬ್ಯಾನರಿನಲ್ಲಿ ‘ರಷ್ಯಾದ ಪತನ’ ಅಂತ ಬರೆಸಿದ್ದೀರಿ. ಬರೆಸಿದವರ ಮೇಲೆ ನನಗೆ ಸಿಟ್ಟಿಲ್ಲ, ನಮ್ಮ ಕಾಲದಿಂದಲೂ ಎಲ್ಲರೂ ಹಾಗೇ ಅನ್ನುತ್ತ ಬಂದಿದ್ದೇವೆ. ಆದರೆ ಬಿದ್ದದ್ದು ರಷ್ಯಾ ಅಲ್ಲ, ಸೋವಿಯತ್ ಒಕ್ಕೂಟ. ಹದಿನೈದು ಗಣರಾಜ್ಯಗಳ ಕೂಡುಮನೆ ಅದು, ರಷ್ಯಾ ಅದರ ಹಿರಿಮಗ. ನನ್ನನ್ನು ಕೇಳಿದರೆ ಆ ಮನೆ ಒಡೆದವನೂ ಆ ಹಿರಿಮಗನೇ. ಲಿಥುವೇನಿಯದಂಥ ಕಿರಿಯರು ಮೊದಲೇ ಮುನಿಸಿಕೊಂಡು ಹೊಸ್ತಿಲಲ್ಲಿ ನಿಂತಿದ್ದರು, ಸರಿ. ಕಿರಿಯರು ಬೇರೆ ಹೋದರೂ ಮನೆ ಉಳಿಯುತ್ತದೆ. 1990ರ ಜೂನ್ 12ರಂದು ರಷ್ಯಾ ಗಣರಾಜ್ಯವೇ ‘ನಾನು ಸಾರ್ವಭೌಮ’ ಅಂತ ಘೋಷಿಸಿಕೊಂಡಿತು. ಹಿರಿಯನೇ ಬೇರೆ ಒಲೆ ಹೂಡಿದ ಮೇಲೆ ಅಡುಗೆಮನೆಯಲ್ಲಿ ಉಳಿದದ್ದು ಒಕ್ಕೂಟದ ಅಧ್ಯಕ್ಷ ಗೊರ್ಬಚೇವ್ ಒಬ್ಬರೇ.

ಅಮೆರಿಕ ಹೊಡೆದು ಕೆಡವಿತು ಅನ್ನುವವರಿದ್ದಾರೆ. 1991ರ ಆಗಸ್ಟ್ 1ರಂದು ಅಮೆರಿಕದ ಅಧ್ಯಕ್ಷ ಬುಷ್, ಅಂದರೆ ಅಪ್ಪ ಬುಷ್, ಕೀವ್‌ನಲ್ಲಿ ನಿಂತು ಉಕ್ರೇನಿಯನ್ನರಿಗೆ ಹೇಳಿದ್ದೇನು? ಆತ್ಮಹತ್ಯೆಯಂಥ ರಾಷ್ಟ್ರೀಯತೆ ಬೇಡ ಅಂತ! ಎದುರಾಳಿಯೇ ಬಂದು ‘ಮನೆ ಒಡೆಯಬೇಡಿ’ ಅಂತ ಬುದ್ಧಿ ಹೇಳಿದ ಪ್ರಸಂಗ. ಯಾಕೆ ಹೇಳಿದರು? ಅಟ್ಟದ ಮೇಲೆ ಅಣುಬಾಂಬ್ ಇತ್ತಲ್ಲ, ಅದಕ್ಕೆ.

1986ರಲ್ಲಿ ಕಚ್ಚಾ ತೈಲದ ಬೆಲೆ ಕುಸಿದದ್ದು, ಅದೇ ವರ್ಷದ ಚೆರ್ನೋಬಿಲ್, ಅಫ್ಘಾನಿಸ್ತಾನದಲ್ಲಿ ಒಂಬತ್ತು ವರ್ಷ ಸುರಿದ ರಕ್ತ, ಅಂಗಡಿ ಮುಂದಿನ ಸಾಲು, ಇವೆಲ್ಲ ನಿಮ್ಮ ಪಠ್ಯದಲ್ಲಿವೆ, ಓದಿಕೊಳ್ಳಿ. ನಾನು ಹೇಳಬೇಕೆಂದು ಬಂದದ್ದು ಪಾಲು ಹೇಗಾಯಿತು ಅನ್ನುವುದನ್ನು.

1991ರ ಡಿಸೆಂಬರ್ 8. ಪೋಲೆಂಡಿನ ಗಡಿಗೆ ತಾಗಿದ ಬೆಲಾರೂಸಿನ ಕಾಡು, ಅದರೊಳಗೆ ವಿಸ್ಕುಲಿ ಅನ್ನುವ ಬೇಟೆ ಬಂಗಲೆ. ರಷ್ಯಾದ ಯೆಲ್ಟ್ಸಿನ್, ಉಕ್ರೇನಿನ ಕ್ರಾವ್ಚುಕ್, ಬೆಲಾರೂಸಿನ ಶುಶ್ಕೆವಿಚ್ ಸೇರಿದ್ದಾರೆ. ವಾರದ ಹಿಂದಷ್ಟೇ ಉಕ್ರೇನಿನಲ್ಲಿ ಶೇ 90ಕ್ಕೂ ಹೆಚ್ಚು ಮತ ಸ್ವಾತಂತ್ರ್ಯಕ್ಕೆ ಬಿದ್ದಿದೆ. ಒಕ್ಕೂಟ ಇನ್ನಿಲ್ಲ ಅಂತ ಪತ್ರ ಆಗಬೇಕು. ಟೈಪ್ ಮಾಡುವವರೇ ಇಲ್ಲ! ಅಲ್ಲಿನ ಅರಣ್ಯಧಾಮದ ನಿರ್ದೇಶಕರ ಕಾರ್ಯದರ್ಶಿಯನ್ನು ಕರೆತಂದರು. ಪ್ರತಿ ತೆಗೆಯುವ ಯಂತ್ರ ಇಲ್ಲ, ಒಂದು ಫ್ಯಾಕ್ಸಿನಿಂದ ಇನ್ನೊಂದು ಫ್ಯಾಕ್ಸಿಗೆ ಕಳಿಸಿ ಪ್ರತಿ ಮಾಡಿಕೊಂಡರು. ನಮ್ಮ ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರು ಕೂರುವ ಪತ್ರಬರಹಗಾರರು ಹತ್ತು ಗುಂಟೆಯ ಪಾಲನ್ನು ಇದಕ್ಕಿಂತ ಅಚ್ಚುಕಟ್ಟಾಗಿ ಬರೆಯುತ್ತಾರೆ. ಸಹಿಯಾದ ಮೇಲೆ ಯೆಲ್ಟ್ಸಿನ್ ಫೋನ್ ಮಾಡಿದ್ದು ಬುಷ್‌ಗೆ. ಮನೆ ಯಜಮಾನನಿಗೆ ಸುದ್ದಿ ಮುಟ್ಟಿಸುವ ಕಷ್ಟ ಪಾಪ ಶುಶ್ಕೆವಿಚ್ ತಲೆಗೆ ಬಂತು.

ಆ ಪತ್ರದಲ್ಲಿ ಚಕ್ಕುಬಂದಿ ಏನು? ಇರುವ ಗಡಿಯೇ ಗಡಿ, ಅಷ್ಟೇ. ಆದರೆ ಇರುವ ಗಡಿ ಎಂಥದ್ದು? ಒಂದೇ ದೇಶದೊಳಗೆ ಆಡಳಿತಕ್ಕೆಂದು ಎಳೆದ ಗೆರೆ. 1954ರಲ್ಲಿ ಕ್ರೈಮಿಯಾವನ್ನು ರಷ್ಯಾದ ಲೆಕ್ಕದಿಂದ ಉಕ್ರೇನಿನ ಲೆಕ್ಕಕ್ಕೆ ದಾಟಿಸಿದ್ದು ಒಂದು ಆಜ್ಞೆ. ಅಣ್ಣತಮ್ಮ ಒಟ್ಟಿಗಿದ್ದಾಗ ಮಾವಿನ ಮರ ಯಾರ ಬೇಲಿಯೊಳಗಿದ್ದರೇನು! ಬೇಲಿ ರಾತ್ರೋರಾತ್ರಿ ಅಂತರರಾಷ್ಟ್ರೀಯ ಗಡಿಯಾಯಿತು. ಗುಂಡು ಹಾರಲಿಲ್ಲ ಅಂತ ಜಗತ್ತು ನಿಟ್ಟುಸಿರು ಬಿಟ್ಟಿತು. ಗುಂಡಿನ ಲೆಕ್ಕ ಬಾಕಿ ಉಳಿದಿತ್ತು. ಅಜರ್‌ಬೈಜಾನಿನ ನಗೋರ್ನೊ ಕರಬಾಖ್, ಜಾರ್ಜಿಯಾದ ಅಬ್ಖಾಜಿಯಾ, ಮಾಲ್ಡೋವಾದ ಟ್ರಾನ್ಸ್‌ನಿಸ್ಟ್ರಿಯಾ, 2014ರ ಕ್ರೈಮಿಯಾ, 2022ರ ಯುದ್ಧ, ಎಲ್ಲವೂ ಹದ್ದುಬಸ್ತಿನ ಜಗಳಗಳೇ. ಯುದ್ಧ ಮಾಡಿದವರಿಗೆ ಇದು ವಕಾಲತ್ತಲ್ಲ. ಸಹಿ ಹಾಕಿ ಒಪ್ಪಿದ ಬೇಲಿಯನ್ನು ಟ್ಯಾಂಕು ತಂದು ಕೀಳುವುದು ಕಳ್ಳತನವೇ.

ಇಲ್ಲೊಂದು ನೆನಪು. ಆಗ ನಾನು ರಾಜ್ಯಶಾಸ್ತ್ರದ ಹೊಸ ಮೇಷ್ಟ್ರು. ಸೋವಿಯತ್ ಸಂವಿಧಾನದ 72ನೇ ವಿಧಿ ಪಾಠ ಮಾಡುತ್ತಿದ್ದೆ: ಪ್ರತಿ ಗಣರಾಜ್ಯಕ್ಕೂ ಒಕ್ಕೂಟ ಬಿಟ್ಟುಹೋಗುವ ಹಕ್ಕಿದೆ. ‘ಇದು ಕಾಗದದ ಹಕ್ಕು, ಎರಡು ಅಂಕಕ್ಕೆ ಸಾಕು’ ಅನ್ನುತ್ತಿದ್ದೆ. 1992ರ ಪರೀಕ್ಷೆಯಲ್ಲಿ ಸುಪ್ರೀಂ ಸೋವಿಯತ್ತಿನ, ಅಂದರೆ ಅಲ್ಲಿನ ಸಂಸತ್ತಿನ, ಅಧಿಕಾರ ವಿವರಿಸಿ ಅಂತ ಪ್ರಶ್ನೆ ಬಂತು. ಒಬ್ಬ ಹುಡುಗ ಎದ್ದು ನಿಂತ: ‘ಸರ್, ಇಲ್ಲದ ದೇಶಕ್ಕೆ ಅಧಿಕಾರ ಎಲ್ಲಿಂದ ತರೋದು?’ ‘ಇದ್ದಾಗ ಎಷ್ಟಿತ್ತೋ ಅಷ್ಟು ಬರಿ ಮಾರಾಯ’ ಅಂದೆ. ಎರಡು ಅಂಕದ ವಿಧಿ ದೇಶವನ್ನೇ ನುಂಗಿದ ಮೇಲೆ ನಾನು ಯಾವ ವಿಧಿಯನ್ನೂ ಹಾಗೆ ಹಗುರ ಮಾಡಿಲ್ಲ.

ಈಗ ಹಡಗಿನ ಕಥೆ. ಕಾರವಾರದಲ್ಲಿ ನಿಂತು ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ ಬಿಟ್ಟುಕೊಟ್ಟ ಕುಟುಂಬದವರು ಈ ಸಭೆಯಲ್ಲೂ ಇರುತ್ತೀರಿ, ಜಮೀನಿನ ಮಾತು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಆ ನೆಲೆಗೆ ಸೇರಿದ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಹುಟ್ಟಿದ್ದೆಲ್ಲಿ? ಉಕ್ರೇನಿನ ಮಿಕೊಲಾಯಿವ್ ಹಡಗುಕಟ್ಟೆಯಲ್ಲಿ. 1987ರಲ್ಲಿ ಸೋವಿಯತ್ ನೌಕಾಪಡೆ ಸೇರಿದಾಗ ಹೆಸರು ‘ಬಾಕು’. ಬಾಕು ಅಂದರೆ ಅಜರ್‌ಬೈಜಾನಿನ ರಾಜಧಾನಿ. ಮನೆ ಒಡೆಯಿತು, ಬಾಕು ಪರದೇಶದ ಊರಾಯಿತು. ಹಡಗಿಗೂ ಆ ಹೊತ್ತಿಗೆ ‘ಅಡ್ಮಿರಲ್ ಗೊರ್ಶ್ಕೋವ್’ ಅಂತ ಮರುನಾಮಕರಣ ಆಗಿತ್ತು. ಅದನ್ನು ನಡೆಸಲು ರಷ್ಯಾದ ಕೈಯಲ್ಲಿ ಕಾಸಿಲ್ಲ. 2004ರಲ್ಲಿ ನಾವು ಒಪ್ಪಂದ ಮಾಡಿಕೊಂಡೆವು. ಸುಮಾರು 97 ಕೋಟಿ ಡಾಲರ್ ಅಂದ ರಿಪೇರಿ ಬಿಲ್ಲು 230 ಕೋಟಿ ದಾಟಿತು. ಹಳೇ ಮನೆ ರಿಪೇರಿಗೆ ಕೈ ಹಾಕಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ, ಗೋಡೆ ಮುಟ್ಟಿದರೆ ಸೂರು ಬರುತ್ತದೆ. 2013ರ ನವೆಂಬರ್‌ನಲ್ಲಿ ನಮ್ಮದಾಗಿ, ಮುಂದಿನ ಜನವರಿಯಲ್ಲಿ ಇಲ್ಲಿಗೆ ಬಂತು.

ಅದೇ ಕೊಟ್ಟಿಗೆಯಲ್ಲಿ ಇನ್ನೂ ಎರಡು ಕರು ಹುಟ್ಟಿದ್ದವು. ಒಂದು ‘ಕುಜ್ನೆತ್ಸೋವ್’. ಪಾಲಿನ ಮಾತು ಮುಗಿಯುವ ಮೊದಲೇ, 1991ರ ಡಿಸೆಂಬರಿನಲ್ಲೇ, ಕಪ್ಪುಸಮುದ್ರದಿಂದ ಹೊರಬಿದ್ದು ರಷ್ಯಾದ ಉತ್ತರದ ನೌಕಾಪಡೆ ಸೇರಿಕೊಂಡಿತು. ಹಗ್ಗ ಬಿಚ್ಚಿ ಹೊಡೆದುಕೊಂಡು ಹೋದರು ಅನ್ನಿ. ಇನ್ನೊಂದು ‘ವರ್ಯಾಗ್’, ಅರ್ಧಕ್ಕೂ ಮಿಕ್ಕಿ ಕಟ್ಟಿದ್ದು, ಸ್ವಂತವಾಗಿ ಚಲಿಸಲಾರದ ತೊಗಟೆ. ಉಕ್ರೇನ್ ಅದನ್ನು 1998ರಲ್ಲಿ 2 ಕೋಟಿ ಡಾಲರಿಗೆ ಮಾರಿತು. ಕೊಂಡವರು ಹೇಳಿದ್ದು, ಮಕಾವ್‌ನಲ್ಲಿ ತೇಲುವ ಕ್ಯಾಸಿನೊ ಮಾಡುತ್ತೇವೆ ಅಂತ. ನಮ್ಮ ಪಕ್ಕದ ಗೋವಾದವರು ನಂಬಿಯಾರು! ಟರ್ಕಿ ತನ್ನ ಜಲಸಂಧಿಯಲ್ಲಿ ದಾಟಲು ಬಿಡದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅದು ಕಪ್ಪುಸಮುದ್ರದಲ್ಲಿ ಸುತ್ತುತ್ತ ಬಿದ್ದಿತ್ತು. ಕೊನೆಗೆ 2002ರಲ್ಲಿ ಚೀನಾದ ದಾಲಿಯನ್ ಮುಟ್ಟಿತು. 2012ರಲ್ಲಿ ‘ಲಿಯಾವ್‌ನಿಂಗ್’ ಅನ್ನುವ ಹೆಸರಲ್ಲಿ ಹೊರಬಂದಾಗ ಅದು ಚೀನಾದ ಮೊದಲ ವಿಮಾನವಾಹಕ ನೌಕೆ. ಸೋವಿಯತ್ ಪತನದಿಂದ ಶಕ್ತಿಯ ಸಮತೋಲನ ಹೇಗೆ ಬದಲಾಯಿತು ಅಂತ ಹತ್ತು ಅಂಕದ ಪ್ರಶ್ನೆ ಬಂದರೆ, ಈ ಮೂರು ಹಡಗು ಈಗ ಎಲ್ಲಿವೆ ಅಂತ ಬರೆಯಿರಿ. ಅಂಕ ಕೊಡದಿದ್ದರೆ ನನ್ನ ಹತ್ತಿರ ಕಳಿಸಿ.

ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದಿದ್ದಾರೆ, ಅಂದರೆ ಐದು.

ಅಟ್ಟದ ಮೇಲಿನ ಬಾಂಬಿಗೆ ಬರೋಣ. ಉಕ್ರೇನಿನ ಪಾಲಿಗೆ ಜಗತ್ತಿನ ಮೂರನೇ ದೊಡ್ಡ ಅಣ್ವಸ್ತ್ರ ರಾಶಿ ಉಳಿದಿತ್ತು. ಅದನ್ನು ಹಾರಿಸುವ ಗುಂಡಿ ಮಾತ್ರ ಮಾಸ್ಕೋದ ಕೈಯಲ್ಲಿ. 1994ರ ಡಿಸೆಂಬರ್ 5ರಂದು ಬುಡಾಪೆಸ್ಟ್‌ನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಮೂವರೂ ‘ನಿನ್ನ ಗಡಿ ಮುಟ್ಟುವುದಿಲ್ಲ’ ಅಂತ ಬರೆದುಕೊಟ್ಟರು, ಉಕ್ರೇನ್ ಅಸ್ತ್ರ ಬಿಟ್ಟುಕೊಟ್ಟಿತು. ಆ ಕಾಗದದ ಗತಿ ನೋಡಿದ ಮೇಲೆ ಇನ್ನು ಯಾವ ದೇಶ ಕೈಯಲ್ಲಿರುವ ಬಾಂಬನ್ನು ಮಾತಿನ ಮೇಲೆ ಬಿಟ್ಟೀತು? ಅತ್ತ ರಷ್ಯಾದವರದೂ ಒಂದು ದೂರಿದೆ. 1990ರ ಫೆಬ್ರವರಿಯಲ್ಲಿ ಜರ್ಮನಿಯ ಮಾತುಕತೆ ನಡೆದಾಗ ಅಮೆರಿಕ ಮತ್ತದರ ಮಿತ್ರರ ಸೇನಾ ಕೂಟ ನೇಟೊ ಪೂರ್ವಕ್ಕೆ ಒಂದಿಂಚೂ ಬರುವುದಿಲ್ಲ ಅಂತ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಬೇಕರ್ ಗೊರ್ಬಚೇವ್ ಎದುರು ಅಂದಿದ್ದರು. ಬಾಯಿಮಾತು, ಪತ್ರವಿಲ್ಲ. 1999ರಲ್ಲಿ ಪೋಲೆಂಡ್, ಹಂಗರಿ, ಚೆಕ್, 2004ರಲ್ಲಿ ಬಾಲ್ಟಿಕ್ ದೇಶಗಳು ಒಳಗೆ ಬಂದವು. ಬೇಕೆಂದು ಬಂದವರು ಅವರೇ ಅನ್ನುವುದನ್ನು ರಷ್ಯಾ ಹೇಳುವುದಿಲ್ಲ.

ಭಾರತದ ಪುಟ ದೊಡ್ಡದು, ಓಡಿಸುತ್ತೇನೆ. ಬೆಂಗಳೂರಿನ ಇಸ್ರೊಗೆ ಬರಬೇಕಿದ್ದ ಕ್ರಯೋಜೆನಿಕ್ ರಾಕೆಟ್ ಇಂಜಿನ್ ತಂತ್ರಜ್ಞಾನ ಅಮೆರಿಕದ ಒತ್ತಡಕ್ಕೆ 1993ರಲ್ಲಿ ನಿಂತುಹೋಯಿತು, ಇಂಜಿನ್ ಮಾತ್ರ ಬಂದವು. ಮಾಸ್ಕೋ ಬಲವಾಗಿದ್ದರೆ ಹಾಗೆ ಮಣಿಯುತ್ತಿರಲಿಲ್ಲ. 1992ರ ಜನವರಿಯಲ್ಲೇ ನಾವು ಇಸ್ರೇಲ್ ಜತೆ ರಾಜತಾಂತ್ರಿಕ ಸಂಬಂಧ ಬೆಳೆಸಿದೆವು. ಬಿಡಿಭಾಗದ ಪಾಡಂತೂ ಕೇಳಬೇಡಿ. ಮೊದಲು ಮಾಸ್ಕೋ ಒಂದೇ ಅಂಗಡಿ. ಆಮೇಲೆ ಎಎನ್-32 ವಿಮಾನಕ್ಕೆ ಕೀವ್ ಬಾಗಿಲು ತಟ್ಟಬೇಕು, ಐಎಲ್-76 ತಯಾರಾಗುತ್ತಿದ್ದುದು ತಾಷ್ಕೆಂಟಿನಲ್ಲಿ. 2024ರಲ್ಲಿ ನಮ್ಮ ನೌಕಾಪಡೆ ಸೇರಿದ ‘ತುಶಿಲ್’ ಕಟ್ಟಿದ್ದು ರಷ್ಯಾದಲ್ಲಿ, ಅದರ ಇಂಜಿನ್ ಉಕ್ರೇನಿನದು, ನಾವೇ ಕೊಂಡು ರಷ್ಯಾಕ್ಕೆ ಮುಟ್ಟಿಸಿದ್ದು. ಮಾತು ಬಿಟ್ಟ ಅಣ್ಣತಮ್ಮಂದಿರ ನಡುವೆ ಪಾತ್ರೆ ಸಾಗಿಸುವ ಪಕ್ಕದ ಮನೆಯವರಾದೆವು.

ಎರಡನೇ ಚೀಟಿ. ಆಯಿತು, ಕೂರುತ್ತೇನೆ. ಒಂದೇ ಒಂದು ಮಾತು, ಕಂದಾಯ ಇಲಾಖೆಯವರಿಗಾಗಿ. 1991ರ ಡಿಸೆಂಬರ್ 24ರಂದು ಯೆಲ್ಟ್ಸಿನ್ ವಿಶ್ವಸಂಸ್ಥೆಗೆ ಒಂದು ಪತ್ರ ಕಳಿಸಿ ಭದ್ರತಾ ಮಂಡಳಿಯ ಕುರ್ಚಿ ರಷ್ಯಾದ್ದು ಅಂದರು. ಯಾರೂ ಆಕ್ಷೇಪ ಎತ್ತಲಿಲ್ಲ. ಆದರೆ ಪೌತಿ ಖಾತೆ ಆಗಲೇ ಇಲ್ಲ. ವಿಶ್ವಸಂಸ್ಥೆಯ ಸನ್ನದಿನ 23ನೇ ವಿಧಿ ತೆಗೆದು ನೋಡಿ. ಕಾಯಂ ಸದಸ್ಯರ ಸಾಲಿನಲ್ಲಿ ಈ ಹೊತ್ತಿಗೂ ಬರೆದಿರುವುದು ‘ಸೋವಿಯತ್ ಸಮಾಜವಾದಿ ಗಣರಾಜ್ಯಗಳ ಒಕ್ಕೂಟ’. ಪಹಣಿಯಲ್ಲಿ ಇನ್ನೂ ತೀರಿಕೊಂಡವರ ಹೆಸರೇ ನಡೆಯುತ್ತಿದೆ.

ಬ್ಯಾನರ್ ಮಾತ್ರ ಮುಂದಿನ ಸಲ ಸರಿ ಮಾಡಿಸಿ. ನಮಸ್ಕಾರ.