ಆ ದಿನ ಲ್ಯಾಬಿಗೆ ಬಾರದವರು

ಕೇಳುಗರೇ, ನಮಸ್ಕಾರ.

‘ಕಾಲೇಜು ವಿದ್ಯಾರ್ಥಿಗಳಲ್ಲಿ ಶೇಕಡಾ ಇಷ್ಟು ಮಂದಿಯ ಅಭಿಪ್ರಾಯ ಇದು’ ಅಂತ ಪೇಪರಿನಲ್ಲಿ ಓದಿದಾಗಲೆಲ್ಲ ನನಗೆ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಾನು ಪಾಠ ಮಾಡುತ್ತಿದ್ದ ಕಾಲೇಜಿಗೆ ಆಗ ನ್ಯಾಕ್ ಬರುವುದಿತ್ತು. ಕಾಲೇಜುಗಳ ಗುಣಮಟ್ಟ ಅಳೆಯುವ ಈ ಸಂಸ್ಥೆಯ ಕಚೇರಿ ನಮ್ಮ ಬೆಂಗಳೂರಿನ ನಾಗರಬಾವಿಯಲ್ಲೇ ಇದೆ. ಅದು ಆಗ ವಿದ್ಯಾರ್ಥಿಗಳಿಗೆ ನೇರವಾಗಿ ಇಮೇಲ್ ಕಳಿಸಿ ಕೇಳುತ್ತಿತ್ತು. ಮೊದಲ ಪ್ರಶ್ನೆಯೇ, ತರಗತಿಯಲ್ಲಿ ಸಿಲಬಸ್ ಎಷ್ಟು ಮುಗಿಯಿತು ಅಂತ. ಶೇಕಡಾ 85ರಿಂದ 100 ಅನ್ನುವುದು ಮೊದಲ ಉತ್ತರ, 30ಕ್ಕಿಂತ ಕಡಿಮೆ ಅನ್ನುವುದು ಕೊನೆಯದು. ಒಳ್ಳೆಯ ಪ್ರಶ್ನೆ. ಮಕ್ಕಳು ಮನೆಯಲ್ಲಿ ಕೂತು, ಯೋಚಿಸಿ ಉತ್ತರಿಸಬೇಕಾದ ಪ್ರಶ್ನೆ.

ಅಂದು ಎಲ್ಲರನ್ನೂ ಕಂಪ್ಯೂಟರ್ ಲ್ಯಾಬಿಗೆ ಕರೆಸಿ ಕೂರಿಸಿದರು. ಇಂಥದ್ದೇ ಒತ್ತಿ ಅಂತ ಯಾರೂ ಹೇಳಲಿಲ್ಲ. ಆದರೆ ಇಂಟರ್ನಲ್ ಮಾರ್ಕ್ಸ್ ಹಾಕುವ ಮೇಷ್ಟ್ರು ಸಾಲುಗಳ ನಡುವೆ ಓಡಾಡುತ್ತಿದ್ದರು. ಒಬ್ಬ ಹುಡುಗಿ ಮೂರನೇ ಉತ್ತರದ ಹತ್ತಿರ ಮೌಸ್ ತಂದಳು. ಹಿಂದೆ ಹೆಜ್ಜೆ ಸಪ್ಪಳವಾಯಿತು. ಮೌಸ್ ಮೇಲಕ್ಕೆ ಹೋಯಿತು, ಮೊದಲನೆಯದನ್ನು ಒತ್ತಿದಳು. ಆಮೇಲಿನ ಪ್ರಶ್ನೆಗಳನ್ನು ಅವಳು ಓದಲೇ ಇಲ್ಲ, ಎಲ್ಲದಕ್ಕೂ ಮೊದಲನೆಯದೇ. ನಾನು ಅಲ್ಲೇ ಇದ್ದೆ. ಏನೂ ಹೇಳಲಿಲ್ಲ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಇನ್ನು, ಆ ದಿನ ಬರದೇ ಇದ್ದವರ ಮಾತು? ಕೈಗೆ ಸಿಕ್ಕ ವಿದ್ಯಾರ್ಥಿಗಳನ್ನು ಕೇಳಿ ಎಲ್ಲರ ಲೆಕ್ಕ ಬರೆಯುವುದು ದೊಡ್ಡ ದೊಡ್ಡ ಸಂಶೋಧನೆಗಳಲ್ಲೂ ನಡೆದಿದೆ. 2010ರಲ್ಲಿ ಸಂಶೋಧಕ ಜೋಸೆಫ್ ಹೆನ್ರಿಕ್ ಮತ್ತು ಇಬ್ಬರು ಸಂಗಡಿಗರು ಇದನ್ನೇ ಎತ್ತಿ ತೋರಿಸಿದರು. ತುದಿಗೆ ಒಂದರಲ್ಲಿ ಒಳಮುಖ, ಇನ್ನೊಂದರಲ್ಲಿ ಹೊರಮುಖ ಬಾಣದ ಗುರುತಿರುವ ಎರಡು ಸಮ ಗೆರೆಗಳ ಚಿತ್ರ ನೀವೂ ನೋಡಿರುತ್ತೀರಿ, ಒಂದು ಉದ್ದ ಅನ್ನಿಸುತ್ತದೆ ಅಲ್ವಾ? ಅಮೆರಿಕದ ಕಾಲೇಜು ಹುಡುಗರಿಗೆ ಹಾಗೆ ಅನ್ನಿಸುವುದು ಬಹಳ ಜಾಸ್ತಿ. ಆಫ್ರಿಕಾದ ಕಲಹರಿ ಮರುಭೂಮಿಯ ಸ್ಯಾನ್ ಜನರಿಗೆ ಎರಡೂ ಹೆಚ್ಚುಕಡಿಮೆ ಸಮವಾಗಿಯೇ ಕಂಡವು. ಕಣ್ಣಿಗೆ ಕಾಣುವ ಗೆರೆಯಲ್ಲೇ ಇಷ್ಟು ವ್ಯತ್ಯಾಸ!

ಆ ದಿನ ಬಾರದವರಲ್ಲಿ ಒಬ್ಬ ಹುಡುಗ ವಾರದ ನಂತರ ಪೆಟ್ರೋಲ್ ಬಂಕಿನಲ್ಲಿ ಸಿಕ್ಕ. ನನ್ನ ಸ್ಕೂಟರಿಗೆ ಪೆಟ್ರೋಲ್ ಹಾಕುತ್ತಿದ್ದ. “ಸಿಲಬಸ್ ಎಷ್ಟು ಮುಗೀತಪ್ಪಾ?” ಅಂತ ಕೇಳಿದೆ.

“ನನಗೆ ಅರ್ಧವೂ ಸಿಕ್ಕಿಲ್ಲ ಸರ್. ಮಧ್ಯಾಹ್ನ ಇಲ್ಲಿ ಡ್ಯೂಟಿ. ಆ ಕ್ಲಾಸು ಬೆಳಗ್ಗೆ ಇಟ್ಟರೆ ಬರ್ತೀನಿ.”

ಮುಂದಿನ ಸೆಮಿಸ್ಟರಿಗೆ ನನ್ನ ಕ್ಲಾಸನ್ನು ಬೆಳಗ್ಗೆ ಒಂಬತ್ತಕ್ಕೆ ಹಾಕಿಸಿಕೊಂಡೆ. ಅವನು ಬಂದ.