ಆರ್ಡರ್ ಕೊಡೋ ಮೊದಲು ರಸ್ತೆ ಅಳೀರಿ

ನಮಸ್ಕಾರ. ಇವತ್ತು ಸ್ವಲ್ಪ ಖಾರವಾಗಿಯೇ ಮಾತಾಡಬೇಕಿದೆ.

ಕೋಟಿಗಟ್ಟಲೆ ಸುರಿದು ಹೊರದೇಶದಿಂದ ಭಾರಿ ಯಂತ್ರ ತರಿಸ್ತಾರೆ. ಅದು ಬಂದರಿನಿಂದ ಕಾರ್ಖಾನೆಗೆ ಹೇಗೆ ಬರುತ್ತೆ ಅಂತ ಯೋಚನೆ ಮಾಡೋದು ಯಾವಾಗ? ಹಡಗು ಹೊರಟ ಮೇಲೆ. ಆಗ ಮೂರು ಟ್ರಾನ್ಸ್‌ಪೋರ್ಟರ್‌ಗಳಿಗೆ ಫೋನು, ಮೂರು ಕೊಟೇಶನ್ನು, ಕಡಿಮೆ ಹೇಳಿದವನಿಗೆ ಕೆಲಸ. ಅಷ್ಟು ಹೊತ್ತಿಗೆ ಯಂತ್ರದ ಎತ್ತರ ಎಷ್ಟು, ಎಷ್ಟು ತುಂಡಾಗಿ ಬರುತ್ತೆ, ಯಾವ ಬಂದರಿಗೆ ಇಳಿಯುತ್ತೆ ಅನ್ನೋದೆಲ್ಲ ಮುಗಿದ ಮಾತು. ಇನ್ನು ಟ್ರಾನ್ಸ್‌ಪೋರ್ಟರ್ ಕೈಲಿ ಉಳಿದಿರೋದು ಕಷ್ಟಪಡೋದು ಮಾತ್ರ. ರೂಟ್ ಸರ್ವೆ, ಅಂದ್ರೆ ದಾರಿ ಅಳೆದು ನೋಡೋದು, ಪರ್ಚೇಸ್ ಆರ್ಡರ್‌ಗಿಂತ ಮೊದಲು ಆಗಬೇಕು ಅನ್ನೋದು ನಮ್ಮ ವಾದ.

ಒಂದು ಲೆಕ್ಕ ಇಟ್ಟುಕೊಳ್ಳೋಣ. ತುಮಕೂರಿನ ವಸಂತನರಸಾಪುರದ ಒಂದು ಕಾರ್ಖಾನೆಗೆ ಹೈಡ್ರಾಲಿಕ್ ಪ್ರೆಸ್ (ಎಣ್ಣೆಯ ಒತ್ತಡದಿಂದ ಲೋಹ ಅದುಮೋ ಯಂತ್ರ) ಬರಬೇಕು. 48 ಟನ್ ತೂಕ, 3.4 ಮೀಟರ್ ಅಗಲ, 4.1 ಮೀಟರ್ ಎತ್ತರ. ನಮ್ಮಲ್ಲಿ ಗಾಡಿಗೆ ಕಾನೂನು ಒಪ್ಪೋ ಅಗಲ 2.6 ಮೀಟರ್. ಅಂದ್ರೆ ಇದು ಒಡಿಸಿ, ಅಳತೆ ಮೀರಿದ ಸರಕು. ತೂಕದ ವಿಷಯಕ್ಕೆ ಬಂದ್ರೆ, 2018ರಲ್ಲಿ ಆಕ್ಸಲ್ ಮಿತಿ ಏರಿಸಿದ ಮೇಲೂ ಮಾಮೂಲಿ ಟ್ರೇಲರ್‌ನ ಒಟ್ಟು ತೂಕ 55 ಟನ್ ದಾಟೋ ಹಾಗಿಲ್ಲ. 48 ಟನ್ ಸರಕು, ಅದರ ಮೇಲೆ ಲೋಬೆಡ್ (ತಗ್ಗು ಡೆಕ್ಕಿನ ಟ್ರೇಲರ್), ಪುಲ್ಲರ್ (ಅದನ್ನ ಎಳೆಯೋ ಗಾಡಿ) ಎರಡರ ಸ್ವಂತ ತೂಕ ಕೂಡಿಸಿದ್ರೆ 70 ದಾಟುತ್ತೆ. ಆದ್ರೂ ಲೋಬೆಡ್‌ನಲ್ಲೇ ಹೊಡೀತೀವಿ ಅನ್ನೋರು ಇದ್ದಾರೆ. ಅವರದ್ದೇ ಕಡಿಮೆ ಕೊಟೇಶನ್. ಓವರ್‌ಲೋಡ್ ಗಾಡಿ ದಾರೀಲಿ ಮಗುಚಿದ್ರೆ ಇನ್ಶೂರೆನ್ಸ್‌ನವರು ಮೊದಲು ಕೇಳೋದೇ ತೂಕದ ಚೀಟಿ.

ಇದಕ್ಕೆ ಬೇಕಾಗಿರೋದು ಹೈಡ್ರಾಲಿಕ್ ಆಕ್ಸಲ್, ಅಂದ್ರೆ ಸಾಲುಸಾಲು ಚಕ್ರಗಳ ಮೇಲೆ ಡೆಕ್ಕನ್ನ ಏರಿಸಿ ಇಳಿಸೋ ಟ್ರೇಲರ್. ಚಕ್ರದ ಒಂದೊಂದು ಸಾಲಿಗೆ ಲೈನ್ ಅಂತಾರೆ. ಒಂದು ಲೈನಿಗೆ ಎಂಟು ಟೈರು, ಲೈನಿನ ಸ್ವಂತ ತೂಕ ಹೆಚ್ಚುಕಡಿಮೆ 4 ಟನ್. ಎಂಟು ಲೈನ್ ಹಾಕಿದ್ರೆ 32 ಟನ್, ಪ್ರೆಸ್ಸು 48, ಒಟ್ಟು 80. ಲೈನಿಗೆ 10 ಟನ್ ಬಿತ್ತು. ಸೇತುವೆ ಲೆಕ್ಕದಲ್ಲಿ ಲೈನಿಗೆ 18 ಟನ್‌ವರೆಗೆ ಹಿಡೀತಾರೆ, ಹಾಗಾಗಿ ಇದು ಆರಾಮ. ಕೊಟೇಶನ್‌ನಲ್ಲಿ ಬರೀ 'ಹೈಡ್ರಾಲಿಕ್ ಟ್ರೇಲರ್' ಅಂತಿದ್ರೆ ಸಾಲದು, ಎಷ್ಟು ಲೈನ್ ಅಂತ ಕೇಳಿ. ಆರು ಲೈನಿನವನಿಗೂ ಎಂಟು ಲೈನಿನವನಿಗೂ ರೇಟು ಹೋಲಿಸಿದ್ರೆ ಅದು ಹೋಲಿಕೆಯೇ ಅಲ್ಲ.

ಈಗ ಬಂದರು. ತುಮಕೂರಿಗೆ ನಕ್ಷೆಯಲ್ಲಿ ಮಂಗಳೂರು ಬಂದರು ಇರೋ ಪಣಂಬೂರೇ ಹತ್ತಿರ. ರಾಷ್ಟ್ರೀಯ ಹೆದ್ದಾರಿ 73 ಮಂಗಳೂರಿಂದ ನೇರ ತುಮಕೂರಿಗೇ ಹೋಗುತ್ತೆ. ಆದ್ರೆ ಅದು ಹತ್ತೋದು ಚಾರ್ಮಾಡಿ ಘಾಟಿಯನ್ನ. ಅಲ್ಲಿನ ಹೇರ್‌ಪಿನ್ ತಿರುವುಗಳಲ್ಲಿ ಉದ್ದ ಚಾಸಿಯ ಗಾಡಿ ತಿರುಗೋದೇ ಇಲ್ಲ. ಉಳಿದದ್ದು ಶಿರಾಡಿ. ಶಿರಾಡಿಯಲ್ಲಿ ಒಡಿಸಿ ಹೋಗೋದೇ ಇಲ್ಲ ಅಂತಲ್ಲ. ಗುಂಡ್ಯದಿಂದ ಮಾರನಹಳ್ಳಿವರೆಗಿನ ಏರಿನಲ್ಲಿ 80 ಟನ್ ಎಳೀಬೇಕಂದ್ರೆ ಮುಂದೊಂದು ಪುಲ್ಲರ್, ಹಿಂದೆ ತಳ್ಳೋಕೆ ಇನ್ನೊಂದು ಬೇಕಾಗಬಹುದು. ತಿರುವಿನಲ್ಲಿ ಎದುರಿನ ಸಂಚಾರ ನಿಲ್ಲಿಸಬೇಕು. ಜೂನ್‌ನಿಂದ ಸೆಪ್ಟೆಂಬರ್ ಅಂತೂ ಆ ದಾರಿ ಯಾವಾಗ ಮುಚ್ಚುತ್ತೋ ಹೇಳೋಕಾಗಲ್ಲ. 2024ರ ಜುಲೈನಲ್ಲಿ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದು ಸಂಚಾರ ಮತ್ತೆ ಮತ್ತೆ ನಿಂತದ್ದು ನೆನಪಿರಬೇಕು. ಕಾರಿನವರು ಸಂಪಾಜೆಗೋ ಬಿಸಿಲೆಗೋ ತಿರುಗಿಸಿಕೊಂಡು ಹೋಗಬಹುದು. ಎಂಟು ಲೈನಿನ ಗಾಡಿ ಎಲ್ಲಿಗೆ ತಿರುಗುತ್ತೆ?

ಚೆನ್ನೈ ಕಡೆ ನೋಡಿ. ಎಣ್ಣೂರಿನ ಕಾಮರಾಜರ್ ಬಂದರು, ಕಾಟ್ಟುಪಳ್ಳಿ, ಚೆನ್ನೈ ಬಂದರು ಎಲ್ಲವೂ ಅಲ್ಲೇ ಇವೆ. ತುಮಕೂರಿಗೆ ಸುಮಾರು 420 ಕಿಲೋಮೀಟರ್, ಮಂಗಳೂರಿಗಿಂತ ದೂರವೇ. ಆದ್ರೆ ಶಿರಾಡಿಯಂಥ ಘಾಟಿ ಇಲ್ಲ. ರಾಣಿಪೇಟೆ ದಾಟಿ ಚಿತ್ತೂರು, ಮುಳಬಾಗಿಲು, ಕೋಲಾರ, ಹೊಸಕೋಟೆ. ಅಲ್ಲಿಂದ ದೇವನಹಳ್ಳಿ, ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಹಿಡಿದ್ರೆ ಬೆಂಗಳೂರಿನ ಒಳಗೆ ಕಾಲಿಡದೆ ತುಮಕೂರು ರಸ್ತೆ ಸೇರಬಹುದು. ಕರ್ನಾಟಕದ ಸರಕಿಗೆ ಕರ್ನಾಟಕದ ಬಂದರು ಅನ್ನೋ ಅಭಿಮಾನ ನಮಗೂ ಇದೆ. ಘಾಟಿಯಲ್ಲಿ ಎರಡೂ ಕಡೆ ನಾಲ್ಕು ಪಥ ಗಟ್ಟಿಯಾಗಿ ನಿಂತ ದಿನ ಈ ಮಾತನ್ನ ವಾಪಸ್ ತಗೊಳ್ಳೋಣ. ಸದ್ಯಕ್ಕೆ, ಮಳೆಗಾಲದಲ್ಲಿ ಹಡಗು ಮುಟ್ಟೋದಾದ್ರೆ, ಆರ್ಡರ್‌ನಲ್ಲಿ ಬಂದರಿನ ಹೆಸರು ಬರೆಯೋ ಮೊದಲು ಹತ್ತು ಸಲ ಯೋಚನೆ ಮಾಡಿ. ಸಿಐಎಫ್ (ಸರಕಿನ ಬೆಲೆ, ವಿಮೆ, ಹಡಗಿನ ಬಾಡಿಗೆ ಸೇರಿದ ದರ) ಅಂದ್ರೆ ಮಾರಾಟಗಾರನ ಖರ್ಚು ಆ ಬಂದರಿಗೆ ಮುಗೀತು. ಆಮೇಲಿನದ್ದೆಲ್ಲ ನಿಮ್ಮ ತಲೆ ಮೇಲೆ.

ಇನ್ನು ಎತ್ತರ. ನಿಜವಾಗಿ ಕೆಲಸ ಕೆಡೋದು ಇಲ್ಲಿ. ಹೈಡ್ರಾಲಿಕ್ ಆಕ್ಸಲ್‌ನ ಡೆಕ್ ನೆಲದಿಂದ ಸುಮಾರು 1.1 ಮೀಟರ್. ಪ್ರೆಸ್ಸು 4.1. ಕೂಡಿದ್ರೆ 5.2. ಹೆದ್ದಾರಿ ಫ್ಲೈಓವರ್ ಕೆಳಗೆ 5.5 ಮೀಟರ್ ಬಿಡಬೇಕು ಅನ್ನೋದು ನಿಯಮ. 30 ಸೆಂಟಿಮೀಟರ್ ಉಳೀತಲ್ಲ ಅಂತೀರಾ? ಆ 5.5 ಅನ್ನೋದು ಫ್ಲೈಓವರ್ ಕಟ್ಟಿದ ದಿನದ ಲೆಕ್ಕ. ಆಮೇಲೆ ಕೆಳಗಿನ ರಸ್ತೆಗೆ ಎರಡು ಸಲ ಡಾಂಬರು ಬಿದ್ದಿರುತ್ತೆ, ಒಂದೊಂದು ಪದರಕ್ಕೆ ಐದಾರು ಸೆಂಟಿಮೀಟರ್. ಬೋರ್ಡಿನ ಮೇಲೆ ಮಾತ್ರ ಹಳೇ ಸಂಖ್ಯೆಯೇ ಇರುತ್ತೆ. ಯಂತ್ರದ ಕೆಳಗೆ ಹಾಕೋ ಮರದ ದಿಮ್ಮಿ, ಮೇಲಿನ ಪ್ಯಾಕಿಂಗ್ ಪಟ್ಟಿ ಸೇರಿಸಿ. 30 ಸೆಂಟಿಮೀಟರ್ ಕೈಬೆರಳಷ್ಟಕ್ಕೆ ಇಳೀತು. ಅಂಥ ಕಡೆ ಆಪರೇಟರ್ ಸಸ್ಪೆನ್ಷನ್ ಇಳಿಸಿ, ಇಂಚಿಂಚಾಗಿ ದಾಟಿಸ್ತಾನೆ. ಇಳಿಸೋಕೂ ಒಂದು ಮಿತಿ ಇದೆ, ಡೆಕ್ ಟೈರಿಗೆ ತಾಗುತ್ತೆ.

ರೈಲ್ವೆ ಗೇಟು ಇನ್ನೂ ಕಷ್ಟ. ವಿದ್ಯುತ್ ಲೈನ್ ಇರೋ ಕಡೆ ಗೇಟಿನ ಎರಡೂ ಬದಿ ನಿಲ್ಲಿಸಿರೋ ಹೈಟ್ ಗೇಜ್ (ಎತ್ತರದ ಗಾಡಿ ತಡೆಯೋ ಅಡ್ಡಪಟ್ಟಿ) ಸುಮಾರು 4.67 ಮೀಟರ್. 5.2ರ ಸರಕಿಗೆ ಅಲ್ಲಿ ರೈಲ್ವೆಯ ಅನುಮತಿ, ಪವರ್ ಬ್ಲಾಕ್ (ಸ್ವಲ್ಪ ಹೊತ್ತು ಕರೆಂಟ್ ನಿಲ್ಲಿಸೋದು) ಎಲ್ಲ ಬೇಕು. ಆದಷ್ಟೂ ಮೇಲ್ಸೇತುವೆ ಇರೋ ದಾರಿಯನ್ನೇ ಹುಡುಕಬೇಕು. ವಿದ್ಯುತ್ ತಂತಿ ರಸ್ತೆ ದಾಟೋ ಕಡೆ ಎಲ್‌ಟಿ (ಕಡಿಮೆ ಒತ್ತಡದ) ಲೈನ್ 5.8 ಮೀಟರ್, ಹೆಚ್ಚು ಒತ್ತಡದ ಎಚ್‌ಟಿ 6.1 ಮೀಟರ್ ಎತ್ತರದಲ್ಲಿ ಇರಬೇಕು ಅಂತ ಪುಸ್ತಕದಲ್ಲಿದೆ. ಊರೊಳಗಿನ ಜೋತುಬಿದ್ದ ತಂತಿ ಪುಸ್ತಕ ಓದಿಲ್ಲ. ಬೆಸ್ಕಾಂಗೆ ಮೊದಲೇ ಅರ್ಜಿ ಕೊಟ್ಟು ಲೈನ್ ಆಫ್ ಮಾಡಿಸಬೇಕು. ಬಿದಿರು ಕೋಲಿನಲ್ಲಿ ತಂತಿ ಎತ್ತಿ ಹಿಡಿಯೋದು ಕ್ಲೀನರ್ ಹುಡುಗನ ಜೀವದ ಜೊತೆ ಆಟ. ದಯವಿಟ್ಟು ಅದಕ್ಕೆ ಅವಕಾಶ ಕೊಡಬೇಡಿ.

ಈ ಎತ್ತರದ ತಲೆನೋವೆಲ್ಲ ಒಂದೇ ಸಾಲಿನಲ್ಲಿ ಮುಗೀತಿತ್ತು, ಆರ್ಡರ್ ಕೊಡುವಾಗ ಬರೆದಿದ್ದರೆ. ಉದ್ದ ಸರಳುಗಳಿಂದ ಬಿಗಿದ ಟೈ ರಾಡ್ ಮಾದರಿಯ ಪ್ರೆಸ್ ಆದ್ರೆ ಕ್ರೌನ್ (ಮೇಲ್ಭಾಗ), ಬೆಡ್ (ಬುಡ), ಕಂಬಗಳು ಬೇರೆ ಬೇರೆ ಬಿಚ್ಚಿ ಬರುತ್ತವೆ. ಪೂರ್ತಿ ವೆಲ್ಡ್ ಮಾಡಿದ ಒಂದೇ ಫ್ರೇಮ್ ಆದ್ರೆ ಬಿಚ್ಚೋ ಮಾತೇ ಇಲ್ಲ. ಎರಡಕ್ಕೂ ಒತ್ತೋ ಶಕ್ತಿ (ಟನ್ನೇಜ್) ಒಂದೇ, ಕೆಲಸವೂ ಒಂದೇ. ಬಿಚ್ಚಿ ತಂದ್ರೆ ಇಲ್ಲಿ ಮತ್ತೆ ಜೋಡಿಸಬೇಕು, ಟೈ ರಾಡ್‌ಗಳನ್ನ ಹೈಡ್ರಾಲಿಕ್ ನಟ್‌ನಿಂದ ಎಳೆದು ಬಿಗೀಬೇಕು, ಕಂಪನಿಯ ಇಂಜಿನಿಯರ್ ಬಂದು ಕೂರಬೇಕು. ಖರ್ಚು ಇದ್ದೇ ಇದೆ. ಆ ಖರ್ಚನ್ನ ಎಂಟು ಲೈನಿನ ಬಾಡಿಗೆ, ಎಸ್ಕಾರ್ಟ್, ವಿದ್ಯುತ್ ಲೈನ್ ಆಫ್ ಎಲ್ಲದರ ಪಕ್ಕ ಇಟ್ಟು ನೋಡಬೇಕು. ಬಹಳಷ್ಟು ಜನ ನೋಡೋದೇ ಇಲ್ಲ. ಜೊತೆಗೆ ಸಾಗಣೆಯ ಡ್ರಾಯಿಂಗ್ ಕೇಳಿ: ಪ್ಯಾಕಿಂಗ್ ಸಮೇತ ಅಳತೆ, ಗುರುತ್ವ ಕೇಂದ್ರ, ಎತ್ತೋ ಜಾಗ, ಕಟ್ಟೋ ಜಾಗ. ಕ್ಯಾಟಲಾಗ್‌ನ ಅಳತೆಯನ್ನ ನಂಬಿ ಪರ್ಮಿಟ್ ಹಾಕಿ, ಪೆಟ್ಟಿಗೆ 20 ಸೆಂಟಿಮೀಟರ್ ಅಗಲ ಬಂದ್ರೆ ಪರ್ಮಿಟ್ ಕಾಗದ ಕಸ. ಚೆನ್ನೈಯಿಂದ ಈ ದಾರಿ ಹಿಡಿದ್ರೆ ತಮಿಳುನಾಡು, ಆಂಧ್ರ, ಕರ್ನಾಟಕ ಮೂರೂ ರಾಜ್ಯ ಬರುತ್ತೆ ಅನ್ನೋದು ನೆನಪಿರಲಿ.

ಕಾಗದದಲ್ಲಿ ಇನ್ನೊಂದು ಗುಂಡಿ ಇ-ವೇ ಬಿಲ್, ಸರಕು ಸಾಗಿಸೋಕೆ ಬೇಕಾದ ಜಿಎಸ್‌ಟಿ ಚೀಟಿ. ಅದರ ಅವಧಿಗೆ ಮಾಮೂಲಿ ಸರಕಾದ್ರೆ ದಿನಕ್ಕೆ 200 ಕಿಲೋಮೀಟರ್ ಲೆಕ್ಕ. ಒಡಿಸಿಗೆ ದಿನಕ್ಕೆ 20 ಕಿಲೋಮೀಟರ್. 420 ಕಿಲೋಮೀಟರಿಗೆ ಒಡಿಸಿ ಅಂತ ಆರಿಸಿದ್ರೆ 21 ದಿನ ಸಿಗುತ್ತೆ, ಮರೆತು 'ರೆಗ್ಯುಲರ್' ಆರಿಸಿದ್ರೆ ಮೂರೇ ದಿನ. ಹೈಡ್ರಾಲಿಕ್ ಆಕ್ಸಲ್ ಮೂರು ದಿನದಲ್ಲಿ ರಾಣಿಪೇಟೆ ದಾಟಿದ್ರೆ ಪುಣ್ಯ. ಅವಧಿ ಮುಗಿಯೋಕೆ 8 ಗಂಟೆ ಮೊದಲು ಅಥವಾ ಮುಗಿದು 8 ಗಂಟೆಯೊಳಗೆ ವಿಸ್ತರಿಸಬಹುದು, ಕಾರಣ ಕೊಟ್ಟು. ಅದೂ ತಪ್ಪಿ ಗಾಡಿ ಸಿಕ್ಕಿಬಿದ್ರೆ ದಂಡ ತೆರಿಗೆಯ ಎರಡು ಪಟ್ಟು. ಒಂದು ಡ್ರಾಪ್‌ಡೌನ್‌ಗೆ ಇಷ್ಟು! ದಾರೀಲಿ ಪುಲ್ಲರ್ ಕೆಟ್ಟು ಬೇರೆ ಗಾಡಿ ಬಂದ್ರೆ ಬಿಲ್‌ನಲ್ಲಿ ಗಾಡಿ ನಂಬರ್ ಇರೋ ಪಾರ್ಟ್ ಬಿ ಬದಲಾಯಿಸೋದೂ ನೆನಪಿರಲಿ.

ಬಂದರಿನಲ್ಲಿ ಲೋಡ್ ಆಗುವಾಗ ನಿಮ್ಮವರು ಒಬ್ಬರು ಅಲ್ಲಿರಲೇಬೇಕು. ಮೊದಲ ಕಾರಣ ತುಕ್ಕು. ಕಸ್ಟಮ್ಸ್ ತಪಾಸಣೆಗೆ ವ್ಯಾಕ್ಯೂಮ್ ಫಾಯಿಲ್ ಕತ್ತರಿಸ್ತಾರೆ, ತಪ್ಪೇನಿಲ್ಲ, ಅದು ಅವರ ಕೆಲಸ. ಮತ್ತೆ ಮುಚ್ಚೋದು ಯಾರ ಕೆಲಸ? ಯಾರದ್ದೂ ಅಲ್ಲ. ಉಪ್ಪುಗಾಳಿಯಲ್ಲಿ ನಾಲ್ಕು ದಿನ ತೆರೆದಿದ್ರೆ ಗೈಡ್‌ವೇ (ಯಂತ್ರದ ಭಾಗ ಜಾರೋ ನುಣುಪು ಹಳಿ) ಮೇಲೆ ಕಂದು ಚುಕ್ಕಿ ಶುರು. ಹೊಸ ಸಿಲಿಕಾ ಜೆಲ್, ತುಕ್ಕು ತಡೆಯೋ ವಿಸಿಐ ಹಾಳೆ, ಟೇಪು ಹಿಡಿದು ಹೋಗಿ.

ಎರಡನೇ ಕಾರಣ ಕಟ್ಟೋದು. ಜೋರಾಗಿ ಬ್ರೇಕ್ ಹಾಕಿದಾಗ ಸರಕು ತನ್ನ ತೂಕದ 0.8 ಪಟ್ಟು ಬಲದಲ್ಲಿ ಮುಂದಕ್ಕೆ ನುಗ್ಗುತ್ತೆ ಅಂತ ಲೆಕ್ಕ ಹಾಕ್ತಾರೆ. 48 ಟನ್ನಿಗೆ ಅದು 38.4 ಟನ್. ಕಬ್ಬಿಣದ ಡೆಕ್ ಮೇಲೆ ಕಬ್ಬಿಣದ ಬುಡ ಹಾಗೇ ಇಟ್ಟರೆ ಘರ್ಷಣೆ ಬಹಳವೆಂದ್ರೆ 0.2, ಅಂದ್ರೆ 9.6 ಟನ್ ತಡೀತು. ಉಳಿದ 28.8 ಟನ್ ಚೈನ್ ಮೇಲೆ. ನಡುವೆ ಒಳ್ಳೇ ರಬ್ಬರ್ ಮ್ಯಾಟ್ ಹಾಕಿ, ಘರ್ಷಣೆ 0.6 ಆಗುತ್ತೆ. ಈಗ ಮ್ಯಾಟೇ 28.8 ತಡೀತು, ಚೈನಿಗೆ ಉಳಿದದ್ದು 9.6. 10 ಮಿಲಿಮೀಟರ್ ಗ್ರೇಡ್ 80 ಚೈನ್ ಒಂದಕ್ಕೆ 6.3 ಟನ್ ಹಿಡಿಯೋ ಶಕ್ತಿ, ಕೋನದಲ್ಲಿ ಕಟ್ಟಿದಾಗ ಇನ್ನೂ ಕಡಿಮೆ. ಮ್ಯಾಟ್ ಇಲ್ಲದೆ ಎಷ್ಟು ಚೈನ್ ಬೇಕಾಗುತ್ತೆ, ಲೆಕ್ಕ ಹಾಕಿ ನೋಡಿ. ಇಡೀ ಬಿಲ್‌ನಲ್ಲಿ ಕಣ್ಣಿಗೇ ಬೀಳದ ಖರ್ಚು ಈ ಮ್ಯಾಟ್, ಆದ್ರೂ ನಮ್ಮ ರಸ್ತೆಗಳಲ್ಲಿ ಹತ್ತರಲ್ಲಿ ಒಂದು ಗಾಡಿಯಲ್ಲಿ ಕಂಡರೆ ಹೆಚ್ಚು. ಚೈನನ್ನ ಡ್ರಾಯಿಂಗ್‌ನಲ್ಲಿ ತೋರಿಸಿದ ಕೊಕ್ಕೆಗೆ ಮಾತ್ರ ಹಾಕಿಸಿ. ಆಯಿಲ್ ಪೈಪಿಗೆ, ಮೋಟರ್ ಬ್ರಾಕೆಟ್‌ಗೆ ಸುತ್ತಿ ಬಿಗಿದ ಚೈನ್‌ಗಳು ಏನು ಮಾಡಿವೆ ಅಂತ ಕಮಿಷನಿಂಗ್ ಇಂಜಿನಿಯರ್‌ಗಳನ್ನ ಕೇಳಿ. ಮೊದಲ 50 ಕಿಲೋಮೀಟರಿಗೆ ಗಾಡಿ ನಿಲ್ಲಿಸಿ ಎಲ್ಲ ಚೈನ್ ಮತ್ತೊಮ್ಮೆ ಬಿಗೀಬೇಕು, ದಿಮ್ಮಿ ಕುಸಿದು ಸಡಿಲ ಆಗಿರುತ್ತೆ.

ನಮ್ಮ ಪ್ರೆಸ್ಸಿಗೆ ಸೇತುವೆ ಅಂಥ ದೊಡ್ಡ ಸಮಸ್ಯೆ ಅಲ್ಲ. ನೂರಾರು ಟನ್ನಿನ ಟ್ರಾನ್ಸ್‌ಫಾರ್ಮರ್ ತರೋರಿಗೆ ಅದೇ ಸಮಸ್ಯೆ. ಹೊಸ ಸೇತುವೆಗಳಿಗೆ ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ನಿಯಮದಲ್ಲಿ 385 ಟನ್ನಿನ ವಿಶೇಷ ವಾಹನದ ಲೆಕ್ಕವೇ ಇದೆ. ಷರತ್ತು ಏನಂದ್ರೆ ಗಂಟೆಗೆ 5 ಕಿಲೋಮೀಟರ್ ವೇಗ, ಸೇತುವೆ ಮೇಲೆ ಬೇರೆ ಗಾಡಿ ಇರಬಾರದು, ನಡುಗೆರೆಯಿಂದ 30 ಸೆಂಟಿಮೀಟರ್‌ಗಿಂತ ಸರೀಬಾರದು, ಮೇಲೆ ಬ್ರೇಕ್ ಹಾಕಬಾರದು. ಹಿಂದೆ ಹಾರ್ನ್ ಹೊಡೀತಾ ನಿಂತಿರೋರಿಗೆ ಇದು ಗೊತ್ತಿದ್ರೆ ಸ್ವಲ್ಪ ತಾಳ್ಮೆ ಬರಬಹುದು.

ಕೊನೇ ಎರಡು ಕಿಲೋಮೀಟರ್‌ನಲ್ಲೇ ಜಾಸ್ತಿ ದಿನ ಹಾಳಾಗೋದು. ಸರ್ವೆಗೆ ಹೋದವರು ಹೆದ್ದಾರಿ ಪೂರ್ತಿ ನೋಡಿ, ಇಂಡಸ್ಟ್ರಿಯಲ್ ಏರಿಯಾ ಗೇಟಿನಿಂದ ವಾಪಸ್ ಬಂದಿರ್ತಾರೆ. ಒಳಗೆ ಚರಂಡಿ ಕಲ್ಲು, ಟ್ರಾನ್ಸ್‌ಫಾರ್ಮರ್ ಕಂಬ, ತಿರುವಿನಲ್ಲಿ ಟೀ ಅಂಗಡಿ. ಸರ್ವೆ ವರದಿಯಲ್ಲಿ ಕಿಲೋಮೀಟರ್ ಗುರುತಿನ ಜೊತೆ ಫೋಟೊ, ಕೋಲು ಹಿಡಿದು ಅಳೆದ ಎತ್ತರ, ತಿರುವಿನ ಅಗಲ ಇರಬೇಕು. ಟೋಲ್‌ನಲ್ಲಿ ಮಾಮೂಲಿ ಲೇನ್ 3.2 ಮೀಟರ್, ನಿಮ್ಮ ಸರಕು 3.4, ಅಂಚಿನ 4.5 ಮೀಟರ್ ಲೇನ್ ತೆರೆದಿದೆಯಾ, ಅಲ್ಲಿ ಯಾರಾದ್ರೂ ಕಾಂಕ್ರೀಟ್ ಬ್ಲಾಕ್ ಇಟ್ಟಿದ್ದಾರಾ ಅನ್ನೋದು ಸಹ.

ಇಳಿಸುವಾಗ ಕ್ರೇನಿನ ಹೆಸರಿಗೆ ಮೋಸ ಹೋಗಬೇಡಿ. 100 ಟನ್ ಕ್ರೇನ್ 100 ಎತ್ತೋದು ಬುಡದ ಹತ್ತಿರ. 12 ಮೀಟರ್ ದೂರಕ್ಕೆ ಚಾಚಿದ್ರೆ ಅರ್ಧವೂ ಎತ್ತಲ್ಲ, ಅಂದ್ರೆ 48 ಟನ್ ಪ್ರೆಸ್ಸಿಗೆ ಸಾಲಲ್ಲ. ಲೋಡ್ ಚಾರ್ಟ್ ಕೇಳಿ, ಕ್ರೇನ್ ಎಲ್ಲಿ ನಿಲ್ಲುತ್ತೆ ಅಂತ ಅಂಗಳದಲ್ಲಿ ಸುಣ್ಣ ಎಳೀರಿ. ಕ್ರೇನ್ ಅಲುಗದಂತೆ ಚಾಚೋ ಔಟ್‌ರಿಗರ್ ಕಾಲು ಬೀಳೋ ಜಾಗದ ಕೆಳಗೆ ಸಂಪ್ ಇದೆಯಾ, ಹೊಸ ಮಣ್ಣು ತುಂಬಿದ್ದಾ ನೋಡಿ. ಎರಡು ಹೈಡ್ರಾ (ಸಣ್ಣ ಓಡಾಡೋ ಕ್ರೇನ್) ಸೇರಿಸಿ ಎತ್ತಿಬಿಡ್ತೀವಿ ಅಂತ ಯಾರಾದ್ರೂ ಹೇಳಿದ್ರೆ ಬೇಡ ಅನ್ನಿ.

ಇನ್ನು ಕೊಟೇಶನ್ ಕಾಗದದಲ್ಲಿ ಏನೇನಿರಬೇಕು? ಆಕ್ಸಲ್ ಲೈನ್ ಎಷ್ಟು, ದಾರಿ ಯಾವುದು, ಪರ್ಮಿಟ್ ಮತ್ತು ವಿದ್ಯುತ್ ಲೈನ್ ಆಫ್ ಯಾರ ಖರ್ಚು, ಮ್ಯಾಟ್ ಮತ್ತು ಚೈನ್ ಯಾವ ಅಳತೆಯದ್ದು, ಗಾಡಿ ನಿಂತ ದಿನಕ್ಕೆ ಹಾಲ್ಟಿಂಗ್ ಚಾರ್ಜ್ ಎಷ್ಟು. ಅದು ಯಾವ ಗಳಿಗೆಯಿಂದ ಶುರು ಅನ್ನೋದೂ ಬೇಕು: ಬಂದರಿನ ಗೇಟಿಗೆ ಗಾಡಿ ಮುಟ್ಟಿದಾಗಿನಿಂದಲೋ, ಕಸ್ಟಮ್ಸ್ ಔಟ್ ಆಫ್ ಚಾರ್ಜ್ (ಸರಕು ಬಿಡುಗಡೆಯ ಒಪ್ಪಿಗೆ) ಕೊಟ್ಟ ಮೇಲೋ? ಬರೆಸಿಕೊಳ್ಳದೆ ಬಿಟ್ಟರೆ, ಕಡಿಮೆ ಕೊಟೇಶನ್ ಕೊಟ್ಟವರು ಬಿಟ್ಟ ದುಡ್ಡನ್ನ ವಸೂಲಿ ಮಾಡಿಕೊಳ್ಳೋದು ಇದೇ ಸಾಲಿನಲ್ಲಿ.