ಪಿಗ್ಮಿ ಏಜೆಂಟರ ಚೀಲ, ಆ್ಯಪ್ ಪಾರ್ಟ್ನರ್ ಐಡಿ

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರ್ ಬಂದರೆ ಯಾರ ಕೆಲಸ ಹೋಗುತ್ತದೆ ಅನ್ನುವ ಮಾತು ಈಗ ಎಲ್ಲರ ಬಾಯಲ್ಲೂ ಇದೆ, ಅಲ್ವಾ? ಸಾಫ್ಟ್‌ವೇರ್ ಕಂಪನಿಗಳ ಕತೆ ದಿನಾ ಕೇಳ್ತಾನೇ ಇದ್ದೀರಿ. ಇವತ್ತು ಅದನ್ನು ಬಿಟ್ಟು ಪಿಗ್ಮಿ ಏಜೆಂಟರ ವಿಷಯ ಮಾತಾಡೋಣ.

ಉಡುಪಿಯಲ್ಲಿ 1925ರಲ್ಲಿ ಒಂದು ಬ್ಯಾಂಕು ಹುಟ್ಟಿತು, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾಯಿತು. ಸೋತು ಕೂತಿದ್ದ ಕೈಮಗ್ಗದ ನೇಕಾರರಿಗೆ ಸಾಲ ಕೊಡಬೇಕು ಅನ್ನುವುದು ಅದನ್ನು ಕಟ್ಟಿದವರ ಯೋಚನೆ. ಅವರಲ್ಲಿ ಒಬ್ಬರು ಡಾ. ಟಿ.ಎಂ.ಎ. ಪೈ. 1928ರಲ್ಲಿ ಪಿಗ್ಮಿ ಠೇವಣಿ ಶುರುವಾಯಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನವರೇ ಮನೆ ಬಾಗಿಲಿಗೆ ಬಂದು ತಗೊಂಡು ಹೋಗ್ತಾರೆ. ಬೀಡಿ ಕಟ್ಟುವವರು, ಮೀನು ಮಾರುವವರು, ಗೂಡಂಗಡಿಯವರು ಬ್ಯಾಂಕಿನ ಮೆಟ್ಟಿಲು ಹತ್ತದೆಯೇ ಖಾತೆದಾರರಾದದ್ದು ಹೀಗೆ.

ಹೆಗಲಿಗೆ ಚೀಲ ಹಾಕಿಕೊಂಡು ಏಜೆಂಟ್ ಅಂಗಡಿಯಿಂದ ಅಂಗಡಿಗೆ ನಡೆಯುತ್ತಿದ್ದರು. ಗಿರಾಕಿಯ ಕಾರ್ಡಿನಲ್ಲಿ ಅವತ್ತಿನ ಮೊತ್ತ ಬರೆದು ಸಹಿ ಹಾಕಬೇಕು, ತಮ್ಮ ಪಟ್ಟಿಯಲ್ಲೂ ಬರೆದುಕೊಳ್ಳಬೇಕು. ಆಮೇಲೆ ಬ್ಯಾಂಕಿಗೆ ಹೋಗಿ ಚಿಲ್ಲರೆ ಎಣಿಸಿ ಕಟ್ಟಬೇಕು. ಅಲ್ಲೊಬ್ಬ ಗುಮಾಸ್ತರು ಆ ಪಟ್ಟಿ ಹಿಡಿದುಕೊಂಡು ನೂರಾರು ಖಾತೆಗಳಿಗೆ ಎರಡು, ಐದು, ಹತ್ತು ರೂಪಾಯಿ ಅಂತ ಒಂದೊಂದಾಗಿ ಲೆಡ್ಜರಿಗೆ ಏರಿಸಬೇಕು. ಟೋಟಲ್ ತಾಳೆ ಆಗದಿದ್ದರೆ ಅವತ್ತು ಮನೆಗೆ ಹೋಗುವುದು ತಡ.

ಆಮೇಲೆ ಏಜೆಂಟರ ಕೈಗೆ ಪುಟ್ಟ ಮೆಷಿನ್ ಬಂತು. ದುಡ್ಡು ತಗೊಂಡು ನಂಬರ್ ಒತ್ತಿದರೆ ಸಣ್ಣ ರಸೀದಿ ಹೊರಗೆ ಬರುತ್ತದೆ. ಬ್ಯಾಂಕಿಗೆ ಹೋಗಿ ಮೆಷಿನ್ ಅನ್ನು ಕಂಪ್ಯೂಟರಿಗೆ ಜೋಡಿಸಿದರೆ ಅಷ್ಟೂ ಲೆಕ್ಕ ತಾನಾಗಿ ಏರುತ್ತದೆ. ಈಗ ಎಷ್ಟೋ ಕಡೆ ಮೆಷಿನ್ನೂ ಇಲ್ಲ, ಮೊಬೈಲೇ ಸಾಕು. ಏಜೆಂಟ್ ಅಂಗಡಿ ಮೆಟ್ಟಿಲು ಇಳಿಯುವ ಮೊದಲೇ ಗಿರಾಕಿಗೆ ಮೆಸೇಜ್ ಬಂದಿರುತ್ತದೆ.

ಇಲ್ಲಿ ಒಂದು ತಮಾಷೆ ಇದೆ. ಫ್ಯಾನಿನ ಕೆಳಗೆ ಕೂತು ಲೆಡ್ಜರ್ ಬರೆಯುವ ಕೆಲಸ ಹೋಯಿತು, ಬಿಸಿಲಲ್ಲಿ ನಡೆಯುವ ಕೆಲಸ ಉಳಿಯಿತು. ಓದಿದವರ ಕೆಲಸ ಭದ್ರ ಅಂತ ನಾವು ಸುಮ್ನೆ ಅಂದುಕೊಂಡಿದ್ದೆವು ಅಷ್ಟೇ. ಯುಪಿಐ ಬಂದ ಮೇಲೆ ಗಲ್ಲಾದಲ್ಲಿ ನೋಟು ಕಡಿಮೆಯಾಗಿದೆ ನಿಜ, ಆದರೂ ಸಹಕಾರಿ ಸಂಘಗಳ ಪಿಗ್ಮಿಯವರು ಇವತ್ತಿಗೂ ಪೇಟೆ ಬೀದಿಗಳಲ್ಲಿ ಸಿಗುತ್ತಾರೆ. ಮುಖ ನೋಡಿ ಕೇಳಿದರೆ ಮಾತ್ರ ಉಳಿತಾಯ ಮಾಡುವ ಜನ ಇನ್ನೂ ಇದ್ದಾರೆ.

ಆದರೆ ನನಗೆ ಹೆಚ್ಚು ಮುಖ್ಯ ಅನಿಸುವುದು ಬೇರೆ ವಿಷಯ. ಪಿಗ್ಮಿ ಏಜೆಂಟರಿಗೆ ಸಂಬಳ ಇರಲಿಲ್ಲ, ಕಮಿಷನ್ ಮಾತ್ರ. ಜಾಸ್ತಿ ತಂದರೆ ಜಾಸ್ತಿ, ಜ್ವರ ಬಂದು ಮಲಗಿದರೆ ಸೊನ್ನೆ. ಇವರು ನಮ್ಮ ನೌಕರರಲ್ಲ ಅಂತ ಬ್ಯಾಂಕುಗಳು ವಾದ ಮಾಡಿದವು. ಕೊನೆಗೆ 2001ರಲ್ಲಿ ಸುಪ್ರೀಂ ಕೋರ್ಟು, ಇವರು ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಕೆಲಸಗಾರರೇ, ಅವರ ಕಮಿಷನ್ನೂ ಕೂಲಿಯೇ ಅಂದಿತು. ಕಾಯಂ ನೌಕರರ ಸಂಬಳವನ್ನೇನೂ ಕೊಡಿಸಲಿಲ್ಲ, ಆದರೆ ಕೆಲಸಗಾರರಲ್ಲ ಅನ್ನುವ ಮಾತು ಅಲ್ಲಿಗೆ ನಿಂತಿತು.

ಈಗ ಬೆಂಗಳೂರಿನ ಯಾವುದಾದರೂ ಸಿಗ್ನಲ್ಲಿನಲ್ಲಿ ನಿಂತು ನೋಡಿ. ಆ್ಯಪ್‌ನಲ್ಲಿ ಆರ್ಡರ್ ಮಾಡಿದ್ದನ್ನು ಮನೆಗೆ ತಲುಪಿಸುವವರು ಕಾಣುತ್ತಾರೆ. ಬೆನ್ನಿಗೆ ಬ್ಯಾಗ್, ಹ್ಯಾಂಡಲ್ಲಿನ ಮೇಲೆ ಮೊಬೈಲ್. ಸಂಬಳ ಇಲ್ಲ, ಆರ್ಡರಿಗೆ ಇಷ್ಟು ಅಂತ ದುಡ್ಡು. ಇವರನ್ನು ಕಂಪನಿಗಳು ಕರೆಯುವುದು ಪಾರ್ಟ್ನರ್ ಅಂತ! ಲಾಭದಲ್ಲಿ ಪಾಲಿಲ್ಲದ ಪಾರ್ಟ್ನರ್. ನಮ್ಮ ನೌಕರರಲ್ಲ ಅನ್ನುವ ವಾದ ಹಳೆಯದೇ, ಹೊಸದು ಏನೆಂದರೆ ಮೇಲಿನವರು ಯಾರು ಅಂತ ಕಾಣುವುದಿಲ್ಲ. ಪಿಗ್ಮಿಯವರಿಗೆ ಬ್ರಾಂಚ್ ಮ್ಯಾನೇಜರ್ ಅಂತ ಒಬ್ಬರಿದ್ದರು, ಬೈಗುಳ ತಿಂದರೂ ಎದುರಿಗೆ ನಿಂತು ಎರಡು ಮಾತು ಹೇಳಬಹುದಿತ್ತು. ಈಗ ರೇಟಿಂಗ್ ಇಳಿದರೆ, ಗಿರಾಕಿಯೊಬ್ಬರು ಸುಳ್ಳು ದೂರು ಕೊಟ್ಟರೆ ಐಡಿ ಬ್ಲಾಕ್. ಬೆಳಿಗ್ಗೆ ಎದ್ದು ಆ್ಯಪ್ ತೆರೆದರೆ ಲಾಗಿನ್ನೇ ಆಗುವುದಿಲ್ಲ. ಯಾಕೆ ಅಂತ ಕೇಳೋಣ ಅಂದರೆ ಚಾಟ್‌ನಲ್ಲಿ ಅದೇ ಸಿದ್ಧ ಉತ್ತರ ಮತ್ತೆ ಮತ್ತೆ ಬರುತ್ತದೆ. ತಂತ್ರಜ್ಞಾನ ಸಂಸ್ಥೆಗಳನ್ನು ಬದಲಿಸಿದೆ ಅಂದರೆ ನನ್ನ ಕಣ್ಣಿಗೆ ಮೊದಲು ಕಾಣುವುದು ಇದು, ಕೇಳಿದ್ದಕ್ಕೆ ಉತ್ತರ ಹೇಳಬೇಕಾದ ಮನುಷ್ಯನನ್ನೇ ತೆಗೆದುಹಾಕಿದ್ದು.

ಕರ್ನಾಟಕ 2025ರಲ್ಲಿ ಗಿಗ್ ಕೆಲಸಗಾರರಿಗಾಗಿ, ಅಂದರೆ ಹೀಗೆ ಆ್ಯಪ್ ಮೂಲಕ ಕೆಲಸಕ್ಕೆ ಇಷ್ಟು ಅಂತ ದುಡಿಯುವವರಿಗಾಗಿ, ಒಂದು ಕಾನೂನು ಮಾಡಿತು. ರಾಜಸ್ಥಾನ 2023ರಲ್ಲೇ ಮಾಡಿತ್ತು. ನಮ್ಮದರಲ್ಲಿ ಕಲ್ಯಾಣ ಮಂಡಳಿ ಇದೆ, ಕೆಲಸಗಾರರಿಗೆ ಕೊಡುವ ಹಣದ ಶೇ. 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ಶುಲ್ಕವಾಗಿ ಕಟ್ಟಬೇಕು. ಪೇಪರಿನಲ್ಲಿ ಬಂದಿದ್ದು ಹೆಚ್ಚಾಗಿ ಈ ಶುಲ್ಕದ ಸುದ್ದಿಯೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಇನ್ನೊಂದು ಭಾಗ. ಕೆಲಸದಿಂದ ತೆಗೆಯುವುದಾದರೆ ಕಾರಣ ಬರೆದು 14 ದಿನ ಮೊದಲು ನೋಟಿಸ್ ಕೊಡಬೇಕು. ಕೆಲಸ ಹಂಚುವ, ಅಂಕ ಕೊಡುವ ಆ್ಯಪ್ ಏನನ್ನು ನೋಡಿ ಹಾಗೆ ಮಾಡುತ್ತದೆ ಅಂತ ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ವಿಚಾರಿಸಲು ಒಬ್ಬ ಮನುಷ್ಯ ಸಿಗಬೇಕು.

ಶುಲ್ಕ ಕೊನೆಗೆ ನಮ್ಮ ಬಿಲ್ಲಿಗೇ ಬಂದು ಬೀಳುತ್ತದೆ ಅನ್ನುವವರಿದ್ದಾರೆ. ಬಿದ್ದರೂ ಬೀಳಬಹುದು. ಇಡ್ಲಿ ಪಾರ್ಸೆಲ್ಲಿಗೆ ಒಂದೆರಡು ರೂಪಾಯಿ ಜಾಸ್ತಿ ಕೊಡಲು ನನ್ನ ತಕರಾರೇನೂ ಇಲ್ಲ.

ನಮಸ್ಕಾರ.